ನೀಲಿ ಪುಸ್ತಕದ ದಫ್ತರ: ಆಕಾಶದ ಅಹವಾಲು ಕೇಳಿದ ಇಪ್ಪತ್ತೆರಡು ವರ್ಷ

ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಎಂದರೆ ರೈಟ್ ಸೋದರರ ಊರು. ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಆ ಅಣ್ಣತಮ್ಮಂದಿರು ತಮ್ಮ ವಿಮಾನವನ್ನು ಕಟ್ಟಿದ್ದು ಅಲ್ಲೇ. ಅದೇ ಊರಿನ ಮಗ್ಗುಲಲ್ಲಿ, ಅವರ ಹೆಸರನ್ನು ಹೊತ್ತ ರೈಟ್-ಪ್ಯಾಟರ್ಸನ್ ವಾಯುನೆಲೆಯೊಳಗೆ, 1948ರ ಜನವರಿಯಿಂದ 1969ರ ಡಿಸೆಂಬರ್ ತನಕ ಒಂದು ಸಣ್ಣ ದಫ್ತರ ನಡೆಯಿತು. ‘ಆಕಾಶದಲ್ಲಿ ಏನೋ ಕಂಡೆ, ಅದೇನೆಂದು ತಿಳಿಯಲಿಲ್ಲ’ ಎಂದವರ ಹೇಳಿಕೆಗಳನ್ನು ಓದಿ, ವಿಚಾರಿಸಿ, ಕಡತ ಕಟ್ಟಿ ಇಡುವುದು ಅದರ ಕೆಲಸ. ಮೊದಲು ಸೈನ್, ಆಮೇಲೆ ಗ್ರಡ್ಜ್, ಕೊನೆಗೆ ಬ್ಲೂ ಬುಕ್ ಎಂದು ಮೂರು ಬಾರಿ ಹೆಸರು ಪಡೆದ ಈ ಕಚೇರಿಯನ್ನು ಲೋಕ ನೆನಪಿಟ್ಟುಕೊಂಡದ್ದು ಕೊನೆಯ ಹೆಸರಿನಿಂದ. ‘ಬ್ಲೂ ಬುಕ್’ ಎಂಬ ಆ ಹೆಸರು ಬಂದದ್ದು 1952ರ ಮಾರ್ಚ್‌ನಲ್ಲಿ. 2027ರ ಮಾರ್ಚ್‌ಗೆ ಅದಕ್ಕೆ ಎಪ್ಪತ್ತೈದು ತುಂಬುತ್ತದೆ. ಆಕಾಶ ನೋಡುವ ಹವ್ಯಾಸಿಗಳಿಗಾಗಿ ಹೊರಬರುವ ಈ ಸ್ಮರಣ ಸಂಚಿಕೆಯಲ್ಲಿ ಅದರ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುವುದು ಉಚಿತವೆಂದು ನನಗೆ ಅನ್ನಿಸಿದೆ. ಸಾಮಾನ್ಯ ಮನುಷ್ಯನ ಕಣ್ಣಿಗೆ ಬಿದ್ದದ್ದನ್ನು ಒಂದು ಸೇನೆ ಇಷ್ಟು ದೀರ್ಘ ಕಾಲ ಕಾಗದದ ಮೇಲೆ ಇಳಿಸಿದ ಉದಾಹರಣೆಗಳು ಕಡಿಮೆ.

1947: ಹಾರುವ ತಟ್ಟೆ ಹುಟ್ಟಿದ ಬೇಸಿಗೆ

1947ರ ಜೂನ್ 24ರ ಮಧ್ಯಾಹ್ನ ಕೆನೆತ್ ಆರ್ನಲ್ಡ್ ಎಂಬ ವ್ಯಾಪಾರಿ ತನ್ನ ಪುಟ್ಟ ವಿಮಾನದಲ್ಲಿ ವಾಷಿಂಗ್ಟನ್ ರಾಜ್ಯದ ಚೆಹೇಲಿಸ್‌ನಿಂದ ಯಾಕಿಮಾ ಕಡೆಗೆ ಹೊರಟಿದ್ದ. ಆ ಬೆಟ್ಟಸಾಲಿನಲ್ಲಿ ಕಾಣೆಯಾಗಿದ್ದ ಒಂದು ಸೇನಾ ವಿಮಾನವನ್ನು ಹುಡುಕಿಕೊಟ್ಟವರಿಗೆ 5,000 ಡಾಲರ್ ಬಹುಮಾನವಿತ್ತು. ಆ ಆಸೆಗೆ ಅವನು ದಾರಿ ತಿರುಗಿಸಿ ಮೌಂಟ್ ರೇನಿಯರ್ ಸುತ್ತ ಹುಡುಕುತ್ತಿದ್ದಾಗ ಒಂಬತ್ತು ಹೊಳೆಯುವ ವಸ್ತುಗಳು ಸಾಲಾಗಿ ಸಾಗುವುದನ್ನು ಕಂಡ. ಗಡಿಯಾರ ನೋಡಿ, ಎರಡು ಶಿಖರಗಳ ನಡುವಿನ ದೂರವನ್ನು ಅವು ದಾಟಿದ ಹೊತ್ತನ್ನು ಲೆಕ್ಕ ಹಾಕಿದ. ಆ ಕಾಲದ ಯಾವ ವಿಮಾನವೂ ಮುಟ್ಟದ ವೇಗ ಬಂತು. ನೀರಿನ ಮೇಲೆ ಬೀಸಿ ಎಸೆದ ತಟ್ಟೆ ಕುಪ್ಪಳಿಸುವಂತೆ ಅವು ಚಲಿಸಿದವು ಎಂದು ಅವನು ವರದಿಗಾರರಿಗೆ ವಿವರಿಸಿದ. ಅವನು ಹೇಳಿದ್ದು ಚಲನೆಯ ಬಗೆಯನ್ನು. ಪತ್ರಿಕೆಗಳು ಅದನ್ನು ಆಕಾರಕ್ಕೆ ಅಂಟಿಸಿದವು. ‘ಹಾರುವ ತಟ್ಟೆ’ ಎಂಬ ಮಾತು ಹುಟ್ಟಿದ್ದು ಹಾಗೆ. ಕೆಲವೇ ವಾರಗಳಲ್ಲಿ ದೇಶದ ಮೂಲೆಮೂಲೆಯಿಂದ ವರದಿಗಳು ಬರತೊಡಗಿದವು.

ಆ ಕಾಲದ ಮನಸ್ಸನ್ನು ತಿಳಿಯದೆ ಈ ಕಚೇರಿಯ ಅಗತ್ಯ ಅರ್ಥವಾಗುವುದಿಲ್ಲ. ಮಹಾಯುದ್ಧ ಮುಗಿದು ಎರಡೇ ವರ್ಷವಾಗಿತ್ತು. ಹಿರೋಷಿಮಾದ ಮೇಲೆ ಒಂದೇ ವಿಮಾನ ಏನು ಮಾಡಿತೆಂದು ಎಲ್ಲರಿಗೂ ಗೊತ್ತಿತ್ತು. ಜರ್ಮನಿಯ ರಾಕೆಟ್ ತಜ್ಞರು ಅಮೆರಿಕ ಮತ್ತು ಸೋವಿಯತ್ ದೇಶಗಳಿಗೆ ಹಂಚಿಹೋಗಿದ್ದರು. ತಲೆಯ ಮೇಲೆ ಅಪರಿಚಿತ ಬೆಳಕು ಕಂಡರೆ ‘ಇದು ಯಾರದು?’ ಎಂದು ಕೇಳುವುದು ಆಗ ಹುಚ್ಚಾಗಿರಲಿಲ್ಲ, ಪ್ರಜೆಯ ನ್ಯಾಯವಾದ ಪ್ರಶ್ನೆಯಾಗಿತ್ತು. ಕೇಳಿದವನಿಗೆ ಉತ್ತರಿಸುವ ಬಾಗಿಲೊಂದು ಬೇಕಿತ್ತು.

1947ರ ಸೆಪ್ಟೆಂಬರ್ 18ರಂದು ವಾಯುಸೇನೆ ಭೂಸೇನೆಯಿಂದ ಬೇರೆಯಾಗಿ ಸ್ವತಂತ್ರ ಪಡೆಯಾಯಿತು. ಐದೇ ದಿನಗಳ ನಂತರ, ರೈಟ್ ಫೀಲ್ಡ್‌ನ ಸಾಮಗ್ರಿ ವಿಭಾಗದ ಮುಖ್ಯಸ್ಥ ಜನರಲ್ ನೇಥನ್ ಟ್ವೈನಿಂಗ್ ಒಂದು ಪತ್ರ ಬರೆದರು. ಜನ ವರದಿ ಮಾಡುತ್ತಿರುವುದು ಬರಿಯ ಕಲ್ಪನೆಯಲ್ಲ, ನಿಜವಾದ ಏನೋ ಇದೆ, ಅದನ್ನು ಕ್ರಮವಾಗಿ ಅಧ್ಯಯನ ಮಾಡಬೇಕು ಎಂಬುದು ಅದರ ಸಾರ. ಡಿಸೆಂಬರ್ 30ರಂದು ಆದೇಶ ಹೊರಟಿತು. 1948ರ ಜನವರಿಯಲ್ಲಿ ‘ಸೈನ್’ ಯೋಜನೆ ಆರಂಭವಾಯಿತು.

1948–1951: ಸೈನ್ ಮತ್ತು ಗ್ರಡ್ಜ್

ಯೋಜನೆ ಕೆಲಸ ಹಿಡಿಯುವ ಹೊತ್ತಿಗೇ ಒಂದು ಸಾವು ಅದರ ಮುಂದೆ ಬಂದು ನಿಂತಿತು. 1948ರ ಜನವರಿ 7ರಂದು ಕೆಂಟಕಿಯ ಯುವ ಪೈಲಟ್ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್, ಆಕಾಶದಲ್ಲಿ ಕಂಡ ದೊಡ್ಡ ವಸ್ತುವೊಂದನ್ನು ಬೆನ್ನಟ್ಟಿ ಆಮ್ಲಜನಕದ ವ್ಯವಸ್ಥೆಯಿಲ್ಲದೆ ತೀರಾ ಮೇಲಕ್ಕೇರಿ, ವಿಮಾನ ಬಿದ್ದು ತೀರಿಕೊಂಡರು. ಅವರು ನೋಡಿದ್ದು ಶುಕ್ರಗ್ರಹ ಎಂದು ಮೊದಲು ಹೇಳಲಾಯಿತು. ನೌಕಾಪಡೆಯ ‘ಸ್ಕೈಹುಕ್’ ಬಲೂನು ಇರಬೇಕೆಂಬ ತೀರ್ಮಾನ ಆಮೇಲೆ ಬಲವಾಯಿತು. ಆ ಬಲೂನುಗಳು ಆಗ ಗುಟ್ಟಿನ ವಿಷಯ. ಒಂದು ಇಲಾಖೆಯ ಗುಟ್ಟು ಇನ್ನೊಂದು ಇಲಾಖೆಯ ಒಗಟಾಗುವ ಈ ಸ್ಥಿತಿ ಕಚೇರಿಯ ಕೊನೆಯ ದಿನದವರೆಗೂ ಮುಂದುವರಿಯಿತು.

ಬಂದ ವರದಿಗಳಲ್ಲಿ ನಕ್ಷತ್ರ ಯಾವುದು, ಉಲ್ಕೆ ಯಾವುದು ಎಂದು ಬೇರ್ಪಡಿಸಲು ಖಗೋಳ ತಜ್ಞರೊಬ್ಬರು ಬೇಕಾಯಿತು. ಹತ್ತಿರದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜೆ. ಅಲೆನ್ ಹೈನೆಕ್ ಅವರನ್ನು ಸಲಹೆಗಾರರಾಗಿ ಕರೆಸಿಕೊಂಡರು. ಕೆಲವೇ ತಿಂಗಳ ಕೆಲಸವೆಂದು ಒಪ್ಪಿಕೊಂಡ ಹೈನೆಕ್ ಕೊನೆಯವರೆಗೂ ಉಳಿದರು. ಇಷ್ಟು ಕಾಲ ಈ ಕಡತಗಳ ಜೊತೆ ಬಾಳಿದವರು ಮತ್ತೊಬ್ಬರಿಲ್ಲ.

ಸೈನ್ ತಂಡದಲ್ಲಿ ಎರಡು ಅಭಿಪ್ರಾಯಗಳಿದ್ದವು. ಈ ವಸ್ತುಗಳು ಬೇರೆ ಲೋಕದವೂ ಇರಬಹುದು ಎಂದು ಕೆಲವರು ನಂಬಿದ್ದರು. ಮೇಲಧಿಕಾರಿಗಳಿಗೆ ಆ ನಿಲುವಿಗೆ ಬೇಕಾದ ಪುರಾವೆ ಸಾಲದೆನಿಸಿತು. ಪ್ರಾಮಾಣಿಕರಾದವರ ನಡುವೆ ಇಂಥ ಭಿನ್ನಾಭಿಪ್ರಾಯ ಸಹಜವೇ. ಅದರ ಫಲವಾಗಿ 1949ರ ಆರಂಭದಲ್ಲಿ ಯೋಜನೆಯ ಹೆಸರು ‘ಗ್ರಡ್ಜ್’ ಎಂದಾಯಿತು, ಧೋರಣೆಯೂ ಬದಲಾಯಿತು. ಅದೇ ಆಗಸ್ಟಿನ ವರದಿ 244 ಪ್ರಕರಣಗಳನ್ನು ಪರಿಶೀಲಿಸಿ, ಇದರಲ್ಲಿ ದೇಶಕ್ಕೆ ಅಪಾಯವೇನೂ ಇಲ್ಲ ಎಂದಿತು. ವರ್ಷದ ಕೊನೆಗೆ ಯೋಜನೆ ಮುಗಿಯಿತೆಂಬ ಪ್ರಕಟಣೆಯೂ ಹೊರಟಿತು. ಕಡತಗಳು ಮಾತ್ರ ಕಪಾಟಿನಲ್ಲೇ ಉಳಿದವು, ಬರುವ ವರದಿಗಳೂ ನಿಲ್ಲಲಿಲ್ಲ.

1951–1953: ರಪೆಲ್ಟ್ ತಂದ ಶಿಸ್ತು

1951ರ ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ಫೋರ್ಟ್ ಮಾನ್ಮತ್‌ನಲ್ಲಿ ರೇಡಾರ್ ಪರದೆಯ ಮೇಲೆ ಅಪರಿಚಿತ ಗುರುತುಗಳು ಕಂಡವು. ವಾಯುಸೇನೆಯ ಗುಪ್ತಚರ ವಿಭಾಗದ ನಿರ್ದೇಶಕ ಮೇಜರ್ ಜನರಲ್ ಚಾರ್ಲ್ಸ್ ಕೇಬೆಲ್ ವಿಚಾರಿಸಿದಾಗ, ಇಂಥದ್ದನ್ನು ನೋಡಿಕೊಳ್ಳಬೇಕಾದ ಯೋಜನೆ ಹೆಸರಿಗಷ್ಟೇ ಉಸಿರಾಡುತ್ತಿರುವುದು ತಿಳಿಯಿತು. ಅದನ್ನು ಮತ್ತೆ ಕಟ್ಟುವ ಹೊಣೆ ಕ್ಯಾಪ್ಟನ್ ಎಡ್ವರ್ಡ್ ರಪೆಲ್ಟ್ ಅವರ ಹೆಗಲಿಗೆ ಬಂತು. ಯುದ್ಧಕಾಲದಲ್ಲಿ ಬಿ-29 ಬಾಂಬರ್‌ಗಳಲ್ಲಿ ಹಾರಿ, ಆಮೇಲೆ ವೈಮಾನಿಕ ಎಂಜಿನಿಯರಿಂಗ್ ಓದಿ, ಕೊರಿಯಾ ಯುದ್ಧದ ಸಮಯದಲ್ಲಿ ಮತ್ತೆ ಸೇವೆಗೆ ಬಂದವರು ಅವರು.

ರಪೆಲ್ಟ್ ಒಂದು ನಿಯಮ ಮಾಡಿಕೊಂಡರು: ನಂಬುವುದೂ ಬೇಡ, ನಗುವುದೂ ಬೇಡ, ವಿಚಾರಿಸೋಣ. ‘ಹಾರುವ ತಟ್ಟೆ’ ಎಂಬ ಮಾತು ಆಕಾರವನ್ನು ಮೊದಲೇ ತೀರ್ಮಾನಿಸಿಬಿಡುತ್ತದೆ ಎಂದು ‘ಗುರುತಿಸಲಾಗದ ಹಾರುವ ವಸ್ತು’ ಎಂಬುದನ್ನು ಬಳಕೆಗೆ ತಂದರು. ಇವತ್ತು ಎಲ್ಲರ ಬಾಯಲ್ಲಿರುವ ಯುಎಫ್‌ಓ ಅದೇ. 1952ರ ಮಾರ್ಚ್‌ನಲ್ಲಿ ಯೋಜನೆಗೆ ‘ಬ್ಲೂ ಬುಕ್’ ಎಂದು ಹೆಸರಾಯಿತು. ಅಮೆರಿಕದ ಕಾಲೇಜುಗಳಲ್ಲಿ ಪರೀಕ್ಷೆಯ ಉತ್ತರ ಬರೆಯಲು ಕೊಡುವ ನೀಲಿ ರಟ್ಟಿನ ಪುಸ್ತಕದಿಂದ ಬಂದ ಹೆಸರದು. ಕಚೇರಿ ತನ್ನನ್ನು ತಾನೇ ಪರೀಕ್ಷೆಗೆ ಕೂತ ವಿದ್ಯಾರ್ಥಿಯಂತೆ ಕಂಡುಕೊಂಡಿತ್ತು. ಇದಕ್ಕಿಂತ ಒಳ್ಳೆಯ ಹೆಸರು ಅದಕ್ಕೆ ಸಿಗಲಾರದಿತ್ತು.

ಕಂಡವರಿಗೆ ಕೊಡುವ ಪ್ರಶ್ನಾವಳಿಯೂ ಈ ಕಾಲದಲ್ಲಿ ಸಿದ್ಧವಾಯಿತು. ಎಷ್ಟು ಹೊತ್ತಿಗೆ ಕಂಡಿತು, ಯಾವ ದಿಕ್ಕು, ದಿಗಂತದಿಂದ ಎಷ್ಟು ಎತ್ತರ, ಎಷ್ಟು ಹೊತ್ತು ಇತ್ತು, ಹೇಗೆ ಮರೆಯಾಯಿತು, ಚಿತ್ರ ಬರೆದು ತೋರಿಸಿ ಎಂದು ಅದು ಕೇಳುತ್ತಿತ್ತು. ನನಗೆ ತುಂಬ ಮೆಚ್ಚುಗೆಯಾದದ್ದು ಗಾತ್ರದ ಪ್ರಶ್ನೆ. ತೋಳು ಚಾಚಿ ಹಿಡಿದರೆ ಆ ವಸ್ತು ಗುಂಡುಸೂಜಿಯ ತಲೆಯಷ್ಟಿತ್ತೇ, ಬಟಾಣಿ ಕಾಳಿನಷ್ಟಿತ್ತೇ, ನಾಣ್ಯದಷ್ಟಿತ್ತೇ? ಹುಣ್ಣಿಮೆಯ ಚಂದ್ರನನ್ನು ಬೇಕಾದರೆ ನೋಡಿ, ತೋಳು ಚಾಚಿ ಹಿಡಿದ ಒಂದು ಬಟಾಣಿ ಕಾಳು ಅದನ್ನು ಪೂರ್ತಿ ಮುಚ್ಚುತ್ತದೆ. ಆದರೆ ಬರಿಗಣ್ಣಿನ ಅಂದಾಜು ಕೇಳಿದರೆ ಯಾರಾದರೂ ತಟ್ಟೆಯಷ್ಟು ಎಂದಾರು. ಸಾಕ್ಷಿ ಸುಳ್ಳು ಹೇಳದಿದ್ದರೂ ಕಣ್ಣಿನ ಅಂದಾಜು ಹಿಗ್ಗುತ್ತದೆ ಎಂಬ ತಿಳಿವಳಿಕೆ ಈ ಒಂದು ಪ್ರಶ್ನೆಯಲ್ಲಿತ್ತು.

ಆ ಬೇಸಿಗೆಯಲ್ಲಿ ಶಿಸ್ತಿಗೆ ದೊಡ್ಡ ಪರೀಕ್ಷೆ ಬಂತು. ಸೋವಿಯತ್ ಬಾಂಬರ್‌ಗಳು ಬಂದರೆ ತಿಳಿಸಲೆಂದು ಸ್ವಯಂಸೇವಕರನ್ನು ಹಗಲುರಾತ್ರಿ ಆಕಾಶ ಕಾಯಲು ಕೂರಿಸುವ ಕಾರ್ಯಕ್ರಮ ಜುಲೈ 14ರಂದು ಆರಂಭವಾಯಿತು. ಜುಲೈ 19ರ ರಾತ್ರಿ, ಮತ್ತೆ 26ರ ರಾತ್ರಿ, ರಾಜಧಾನಿ ವಾಷಿಂಗ್ಟನ್‌ನ ವಿಮಾನ ನಿಲ್ದಾಣದ ರೇಡಾರ್‌ನಲ್ಲಿ ಅಪರಿಚಿತ ಗುರುತುಗಳು ಮೂಡಿದವು. ಜೆಟ್ ವಿಮಾನಗಳು ಹುಡುಕಲು ಹಾರಿದವು. ಜುಲೈ 29ರಂದು ಮೇಜರ್ ಜನರಲ್ ಜಾನ್ ಸ್ಯಾಮ್‌ಫರ್ಡ್ ಪತ್ರಿಕಾಗೋಷ್ಠಿ ಕರೆದರು. ಮೇಲೆ ಬಿಸಿಗಾಳಿ, ಕೆಳಗೆ ತಂಪುಗಾಳಿ ಪದರವಾಗಿ ನಿಂತಾಗ ರೇಡಾರ್ ಅಲೆಗಳು ಬಾಗಿ ನೆಲದ ವಸ್ತುಗಳನ್ನೇ ಆಕಾಶದಲ್ಲಿ ತೋರಿಸುತ್ತವೆ ಎಂಬ ವಿವರಣೆ ಕೊಟ್ಟರು. ಆ ಒಂದು ವರ್ಷದಲ್ಲಿ ಬಂದ ವರದಿಗಳು 1,501. ಗುರುತಿಸಲಾಗದೆ ಉಳಿದವು 303. ಇಡೀ ಚರಿತ್ರೆಯಲ್ಲಿ ಮತ್ತೆಂದೂ ಈ ಸಂಖ್ಯೆ ಮುಟ್ಟಲಿಲ್ಲ.

ಇದೇ ಕಾಲದಲ್ಲಿ ಕೊಲಂಬಸ್ ನಗರದ ಬ್ಯಾಟೆಲ್ ಸ್ಮಾರಕ ಸಂಸ್ಥೆಗೆ ಕಡತಗಳನ್ನು ಅಂಕಿಅಂಶಗಳ ಕ್ರಮದಲ್ಲಿ ವಿಶ್ಲೇಷಿಸುವ ಕೆಲಸ ವಹಿಸಲಾಯಿತು. ಅವರು 3,201 ಪ್ರಕರಣಗಳನ್ನು ಪಂಚ್ ಕಾರ್ಡುಗಳಿಗೆ ಇಳಿಸಿದರು. 1955ರಲ್ಲಿ ಪ್ರಕಟವಾದ ‘ವಿಶೇಷ ವರದಿ 14’ರ ಪ್ರಕಾರ ಶೇ 69ರಷ್ಟಕ್ಕೆ ಕಾರಣ ಸಿಕ್ಕಿತ್ತು, ಶೇ 9ರಷ್ಟಕ್ಕೆ ಮಾಹಿತಿ ಸಾಲದಾಗಿತ್ತು, ಸುಮಾರು ಶೇ 22ರಷ್ಟು ಅಜ್ಞಾತವಾಗಿ ಉಳಿದಿದ್ದವು. ಉತ್ತಮ ಗುಣಮಟ್ಟದ ವರದಿಗಳಲ್ಲಿ ಅಜ್ಞಾತದ ಪಾಲು ಇನ್ನೂ ಹೆಚ್ಚಿತ್ತು. ವಸ್ತುಗಳು ಬೇರೆ ಲೋಕದವು ಎಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಸಾಕ್ಷಿ ದುರ್ಬಲವಾದಲ್ಲಿ ಮಾತ್ರ ಒಗಟು ಇರುತ್ತದೆ ಎಂಬ ಸುಲಭದ ನಂಬಿಕೆಯನ್ನು ಆ ಅಂಕಿಗಳು ಒಪ್ಪಲಿಲ್ಲ.

1953–1963: ಗುರಿ ಬದಲಾದ ದಶಕ

1953ರ ಜನವರಿಯಲ್ಲಿ ಭೌತವಿಜ್ಞಾನಿ ಎಚ್.ಪಿ. ರಾಬರ್ಟ್‌ಸನ್ ಅಧ್ಯಕ್ಷತೆಯಲ್ಲಿ ಗುಪ್ತಚರ ಸಂಸ್ಥೆ ಸಿಐಎ ಒಂದು ಸಮಿತಿ ಕೂಡಿಸಿತು. ಮುಂದೆ ನೊಬೆಲ್ ಪಡೆದ ಲೂಯಿಸ್ ಆಲ್ವರೆಜ್ ಅದರಲ್ಲಿದ್ದರು. ಕೆಲವೇ ದಿನ ಕೂತ ಸಮಿತಿಗೆ ನೇರ ಅಪಾಯವೇನೂ ಕಾಣಲಿಲ್ಲ. ಅದರ ಆತಂಕ ಬೇರೆಯಾಗಿತ್ತು: ನಿಜವಾದ ದಾಳಿಯ ದಿನ ಸುಳ್ಳು ವರದಿಗಳ ನೂಕುನುಗ್ಗಲಿನಿಂದ ಸಂಪರ್ಕಜಾಲ ಕಟ್ಟಿಕೊಂಡರೆ ಗತಿಯೇನು? ಆದ್ದರಿಂದ ಜನರಿಗೆ ತಿಳಿವಳಿಕೆ ಕೊಟ್ಟು ಈ ವಿಷಯದ ಮೇಲಿನ ಮೋಹ ಇಳಿಸಬೇಕೆಂದು ಸಲಹೆ ಮಾಡಿತು. ಅದೇ ವರ್ಷದ ನಿಯಮಾವಳಿ, ಬಿಡಿಸಿದ ಪ್ರಕರಣಗಳನ್ನು ಮಾತ್ರ ಸಾರ್ವಜನಿಕರಿಗೆ ತಿಳಿಸಲು ಅವಕಾಶ ಕೊಟ್ಟಿತು.

ಆಡಳಿತದ ಕಣ್ಣಿನಿಂದ ನೋಡಿದರೆ ಈ ಎಚ್ಚರಿಕೆಗೆ ಕಾರಣವಿತ್ತು. ಆದರೆ ತಿಳಿಯಬೇಕೆಂದು ಹುಟ್ಟಿದ ಕಚೇರಿಗೆ ಇನ್ನು ಮುಂದೆ ಜನರನ್ನು ಸಮಾಧಾನಪಡಿಸುವ ಕೆಲಸವೇ ದೊಡ್ಡದಾಯಿತು. ರಪೆಲ್ಟ್ 1953ರಲ್ಲಿ ನಿರ್ಗಮಿಸಿದರು. 1956ರಲ್ಲಿ ತಮ್ಮ ಅನುಭವದ ಪುಸ್ತಕ ಪ್ರಕಟಿಸಿ, 1960ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವರ ನಂತರ ಸಿಬ್ಬಂದಿ ಬೆರಳೆಣಿಕೆಗೆ ಇಳಿಯಿತು.

ಈ ದಶಕದಲ್ಲಿ ಆಕಾಶವೇ ಬದಲಾಗುತ್ತಿತ್ತು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಮೇಲೇರಿತು. ಆ ವರ್ಷದ ವರದಿಗಳು 1,006 ತಲುಪಿದವು. ಗುರುತಿಸಲಾಗದೆ ಉಳಿದವು 14 ಮಾತ್ರ. ಅರುವತ್ತು ಸಾವಿರ ಅಡಿಗೂ ಮೇಲೆ ಹಾರುವ ಯು-2 ಗೂಢಚಾರ ವಿಮಾನಗಳು, ನೆಲದಲ್ಲಿ ಕತ್ತಲಾದ ಮೇಲೂ ಎತ್ತರದ ಬಿಸಿಲಿಗೆ ಹೊಳೆಯುತ್ತಿದ್ದವು. ಇಂಥ ಗುಪ್ತ ಹಾರಾಟಗಳೇ ಆ ಕಾಲದ ಅರ್ಧಕ್ಕಿಂತ ಹೆಚ್ಚು ವರದಿಗಳಿಗೆ ಕಾರಣವೆಂದು ಇತಿಹಾಸಕಾರ ಜೆರಾಲ್ಡ್ ಹೇನ್ಸ್ 1997ರಲ್ಲಿ ಬರೆದರು. ಆ ಪ್ರಮಾಣವನ್ನು ಒಪ್ಪದವರಿದ್ದಾರೆ. ಆದರೂ ನಿಜವಾದ ವಿಮಾನವನ್ನೇ ನೋಡಿದ ಮನುಷ್ಯನಿಗೆ ‘ಅದು ಮಂಜಿನ ಹರಳು’ ಎಂಬಂಥ ಉತ್ತರ ಹೋದದ್ದುಂಟು.

1958ರಿಂದ 1963ರವರೆಗೆ ಹೊಣೆ ಹೊತ್ತ ಮೇಜರ್ ರಾಬರ್ಟ್ ಫ್ರೆಂಡ್ ಅವರನ್ನು ಇಲ್ಲಿ ಗೌರವದಿಂದ ನೆನೆಯಬೇಕು. ಕಪ್ಪು ಜನಾಂಗದವರಿಗೆ ವಿಮಾನ ನಡೆಸಲು ಬಾರದೆಂಬ ಅಪವಾದವನ್ನು ಯುದ್ಧಭೂಮಿಯ ಆಕಾಶದಲ್ಲೇ ಸುಳ್ಳು ಮಾಡಿದ ಟಸ್ಕೀಗೀ ಪೈಲಟ್‌ಗಳಲ್ಲಿ ಅವರೊಬ್ಬರು. ಕಡತಗಳಲ್ಲಿ ಸೊರಗಿದ್ದ ವ್ಯವಸ್ಥೆಗೆ ಅವರು ಮತ್ತೆ ಒಪ್ಪ ಕೊಡಲು ಶ್ರಮಿಸಿದರು.

1963–1966: ಸೊಕೊರೊ ಮತ್ತು ಮಿಷಿಗನ್

ಕೊನೆಯ ಮುಖ್ಯಸ್ಥ ಮೇಜರ್ ಹೆಕ್ಟರ್ ಕ್ವಿಂಟನಿಯಾ. ಅವರ ಕಾಲದ ಅತಿ ಹೆಸರಾದ ಪ್ರಕರಣ ನಡೆದದ್ದು 1964ರ ಏಪ್ರಿಲ್ 24ರಂದು, ನ್ಯೂಮೆಕ್ಸಿಕೋದ ಸೊಕೊರೊದಲ್ಲಿ. ಲಾನಿ ಝಮೋರಾ ಎಂಬ ಪೊಲೀಸ್ ಅಧಿಕಾರಿ ಊರ ಹೊರಗಿನ ಹಳ್ಳದಲ್ಲಿ ಮೊಟ್ಟೆಯಾಕಾರದ ವಸ್ತುವೊಂದು ನಿಂತಿದ್ದು, ಬೆಂಕಿ ಉಗುಳುತ್ತ ಮೇಲೆದ್ದು ಹೋದುದನ್ನು ವರದಿ ಮಾಡಿದರು. ನೆಲದಲ್ಲಿ ಗುರುತುಗಳಿದ್ದವು, ಪೊದೆ ಸುಟ್ಟಿತ್ತು. ಎಷ್ಟು ವಿಚಾರಿಸಿದರೂ ಕಾರಣ ಸಿಗಲಿಲ್ಲ. ಯುಎಫ್‌ಓಗಳ ಬಗ್ಗೆ ಒಲವಿಲ್ಲದ ಕ್ವಿಂಟನಿಯಾ ಸಹ ಝಮೋರಾ ಅವರ ಪ್ರಾಮಾಣಿಕತೆಯನ್ನು ಒಪ್ಪಿ, ಕಡತದ ಮೇಲೆ ‘ಗುರುತಿಸಲಾಗಿಲ್ಲ’ ಎಂದೇ ಬರೆದರು. ತನಗೆ ಇಷ್ಟವಿಲ್ಲದ ಉತ್ತರವನ್ನೂ ಬರೆದಿಟ್ಟದ್ದು ಈ ಕಚೇರಿಯ ಘನತೆಯ ಗಳಿಗೆ.

1966ರ ಮಾರ್ಚ್‌ನಲ್ಲಿ ಮಿಷಿಗನ್ ರಾಜ್ಯದಲ್ಲಿ ಜೌಗುನೆಲದ ಮೇಲೆ ಬೆಳಕುಗಳು ಕಂಡವು. ಹೈನೆಕ್ ಅವಸರದಲ್ಲಿ ಕರೆದ ಪತ್ರಿಕಾಗೋಷ್ಠಿಯಲ್ಲಿ, ಕೊಳೆತ ಗಿಡಗಳಿಂದ ಹೊಮ್ಮುವ ಅನಿಲ ಹೊತ್ತಿಕೊಂಡು ಕೆಲವು ಬೆಳಕು ಕಂಡಿರಬಹುದು ಎಂದರು. ನಮ್ಮ ಹಳ್ಳಿಗಳಲ್ಲಿ ಕೊಳ್ಳಿದೆವ್ವ ಎಂದು ಹೆಸರಿಟ್ಟಿದ್ದೂ ಇಂಥ ಬೆಳಕಿಗೇ. ಆ ವಿವರಣೆ ಅಸಂಭವವಾಗಿರಲಿಲ್ಲ. ಆದರೆ ನೋಡಿದವರಿಗೆ ತಮ್ಮನ್ನು ಹಳ್ಳಿಗುಗ್ಗುಗಳೆಂದು ಕರೆದಂತಾಯಿತು. ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಆಗ ಆ ರಾಜ್ಯದ ಸಂಸದ. ತಮ್ಮ ಜನರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಬೇಕೆಂದು ಅವರು ಸಂಸತ್ತಿನ ವಿಚಾರಣೆ ಕೇಳಿದರು. ಏಪ್ರಿಲ್ 5ರಂದು ಸೇನಾ ವ್ಯವಹಾರಗಳ ಸಮಿತಿ ಅದನ್ನು ನಡೆಸಿತು. ಈ ಅನುಭವ ಹೈನೆಕ್ ಅವರನ್ನೂ ಅಲ್ಲಾಡಿಸಿತು. ಬೇಗ ಉತ್ತರ ಕೊಡುವುದಕ್ಕಿಂತ ಸರಿಯಾಗಿ ಕೇಳಿಸಿಕೊಳ್ಳುವುದು ಮುಖ್ಯವೆಂಬ ಮಾತು ಅವರ ಮುಂದಿನ ಬರಹಗಳಲ್ಲೆಲ್ಲ ಇದೆ.

1966–1969: ಕೊಲರಾಡೊ ವರದಿ ಮತ್ತು ಮುಕ್ತಾಯ

ವಿಷಯವನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸುವುದು ಲೇಸೆಂದು ತೀರ್ಮಾನವಾಯಿತು. 1966ರ ಅಕ್ಟೋಬರ್‌ನಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಹೆಸರಾಂತ ಭೌತವಿಜ್ಞಾನಿ ಎಡ್ವರ್ಡ್ ಕಾಂಡನ್ ಹೊಣೆ ಹೊತ್ತರು. ತಂಡದೊಳಗೆ ವಿಧಾನದ ಬಗ್ಗೆ ತೀವ್ರ ಭಿನ್ನಮತ ಬಂದು ಕೆಲವರು ಹೊರಗಾದರೂ ಕೆಲಸ ನಿಲ್ಲಲಿಲ್ಲ. 1969ರ ಜನವರಿಯಲ್ಲಿ ಬೃಹತ್ ವರದಿ ಹೊರಬಂತು. ಇಪ್ಪತ್ತೊಂದು ವರ್ಷಗಳ ಈ ಅಧ್ಯಯನದಿಂದ ವಿಜ್ಞಾನಕ್ಕೆ ಹೊಸದೇನೂ ಸೇರಿಲ್ಲ, ಮುಂದುವರಿಸಲು ಕಾರಣ ಕಾಣದು ಎಂದು ಕಾಂಡನ್ ಬರೆದರು. ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅದನ್ನು ಅನುಮೋದಿಸಿತು. ಅದೇ ವರದಿಯ ಒಳಪುಟಗಳಲ್ಲಿ ವಿವರಣೆಗೆ ಸಿಗದ ಪ್ರಕರಣಗಳೂ ಇದ್ದವು.

1969ರ ಡಿಸೆಂಬರ್ 17ರಂದು ವಾಯುಸೇನಾ ಕಾರ್ಯದರ್ಶಿ ರಾಬರ್ಟ್ ಸೀಮನ್ಸ್ ಬ್ಲೂ ಬುಕ್ ಮುಚ್ಚಿರುವುದಾಗಿ ಪ್ರಕಟಿಸಿದರು. 1947ರಿಂದ ಒಟ್ಟು 12,618 ವರದಿಗಳು ಬಂದಿದ್ದವು. ಅವುಗಳಲ್ಲಿ 701 ಗುರುತಿಸಲಾಗದೆ ಉಳಿದಿದ್ದವು. ಅಂತಿಮ ತೀರ್ಮಾನಗಳು ಮೂರು: ಯಾವ ಪ್ರಕರಣದಲ್ಲೂ ದೇಶದ ಭದ್ರತೆಗೆ ಅಪಾಯ ಕಂಡಿಲ್ಲ, ಇಂದಿನ ವಿಜ್ಞಾನವನ್ನು ಮೀರಿದ ತಂತ್ರಜ್ಞಾನದ ಪುರಾವೆಯಿಲ್ಲ, ಅನ್ಯಲೋಕದ ವಾಹನವೆಂಬುದಕ್ಕೂ ಪುರಾವೆಯಿಲ್ಲ.

1969ರ ನಂತರ: ಕಡತಗಳ ಎರಡನೆಯ ಜೀವನ

ಕಡತಗಳು ಮೊದಲು ಅಲಬಾಮಾದ ಮ್ಯಾಕ್ಸ್‌ವೆಲ್ ವಾಯುನೆಲೆಗೆ, ಅಲ್ಲಿಂದ ರಾಷ್ಟ್ರೀಯ ಪತ್ರಾಗಾರಕ್ಕೆ ಹೋದವು. ಸಾಕ್ಷಿಗಳ ಹೆಸರು ಮರೆಮಾಡಿ 94 ಮೈಕ್ರೋಫಿಲ್ಮ್ ಸುರುಳಿಗಳಲ್ಲಿ ಅವನ್ನು ಸಾರ್ವಜನಿಕರಿಗೆ ತೆರೆದಿಟ್ಟರು. ಪ್ರಕರಣಗಳ ಕಾಗದವೇ 37 ಘನ ಅಡಿಯಷ್ಟಿದೆ. ಹೈನೆಕ್ 1972ರ ತಮ್ಮ ಪುಸ್ತಕದಲ್ಲಿ ನೋಟಗಳನ್ನು ದೂರ, ಹತ್ತಿರಗಳ ಲೆಕ್ಕದಲ್ಲಿ ವರ್ಗೀಕರಿಸಿದರು. ಅಲ್ಲಿನ ಒಂದು ವರ್ಗದ ಹೆಸರೇ ಸ್ಪೀಲ್‌ಬರ್ಗ್ ಅವರ 1977ರ ಚಲನಚಿತ್ರದ ಶೀರ್ಷಿಕೆಯಾಯಿತು.

ಈ ಕಚೇರಿ ಮುಚ್ಚಿದರೂ ಅಗತ್ಯ ಮುಗಿಯಲಿಲ್ಲ. ಫ್ರಾನ್ಸ್ 1977ರಲ್ಲಿ ತನ್ನ ಬಾಹ್ಯಾಕಾಶ ಸಂಸ್ಥೆಯಡಿ ನಾಗರಿಕ ವಿಭಾಗವೊಂದನ್ನು ತೆರೆಯಿತು, ಅದು ರೂಪ ಬದಲಿಸಿ ಇಂದಿಗೂ ನಡೆದಿದೆ. ಅಮೆರಿಕದಲ್ಲೂ ನೌಕಾಪಡೆಯ ಪೈಲಟ್‌ಗಳ ವರದಿಗಳು ಚರ್ಚೆಗೆ ಬಂದು, 2022ರ ಜುಲೈನಲ್ಲಿ ರಕ್ಷಣಾ ಇಲಾಖೆ ಮತ್ತೆ ಪ್ರತ್ಯೇಕ ಕಚೇರಿ ತೆರೆಯಿತು.

2012–2013: ಲಡಾಖಿನ ಬೆಳಕು, ಬೆಂಗಳೂರಿನ ಉತ್ತರ

ನಮ್ಮ ದೇಶದ ಗಡಿಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. 2012ರಲ್ಲಿ ಪಾಂಗಾಂಗ್ ಸರೋವರದ ಕಡೆ ಕಾವಲಿದ್ದ ಯೋಧರು, ಚೀನಾದ ದಿಗಂತದಿಂದ ಹೊಳೆವ ಗೋಳಗಳು ಏಳುವುದನ್ನು ರಾತ್ರಿ ರಾತ್ರಿ ಕಂಡು ಮೇಲಿನವರಿಗೆ ತಿಳಿಸಿದರು. ಡ್ರೋನ್ ಇರಬಹುದೆಂಬ ಶಂಕೆ ಬಂತು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ನೆರವು ಕೇಳಲಾಯಿತು. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ಬೆಂಗಳೂರು ಬಳಿಯ ಹೊಸಕೋಟೆಯಿಂದ ನಡೆಸುವ ಸಂಸ್ಥೆ ಅದು. ಆ ಆಕಾಶ ಅದಕ್ಕೆ ಅಂಗೈ ರೇಖೆ. ಅಧ್ಯಯನದ ನಂತರ 2013ರಲ್ಲಿ ಬಂದ ಉತ್ತರ ಸರಳವಾಗಿತ್ತು: ಯೋಧರು ಕಂಡದ್ದು ಗುರು ಮತ್ತು ಶುಕ್ರ ಗ್ರಹಗಳನ್ನು. ಬಯಲುಸೀಮೆಯಲ್ಲಿ ಬೆಳ್ಳಿ ಮೂಡಿತೆಂದು ಎದ್ದು ಹೊಲಕ್ಕೆ ಹೋಗುವ ರೈತ ದಿನವೂ ನೋಡುವ ಅದೇ ಬೆಳ್ಳಿ. ಎತ್ತರದ ತಿಳಿಗಾಳಿಯಲ್ಲಿ, ಶತ್ರುವಿನ ಗಡಿಯ ಮೇಲೆ ಮೂಡಿದಾಗ ಅದು ಬೇರೆಯಾಗಿ ಕಂಡಿತು. ಯೋಧರು ತಪ್ಪು ಮಾಡಲಿಲ್ಲ. ಕಂಡದ್ದನ್ನು ಬರೆದು ಕಳಿಸಿದ್ದರಿಂದಲೇ ಉತ್ತರ ಸಿಕ್ಕಿತು.

ಕೊನೆಯ ಮಾತು

ಬ್ಲೂ ಬುಕ್ಕಿನ ಸಾಧನೆ ಎಲ್ಲಿದೆ ಎಂದು ಕೇಳಿದರೆ, ಬಿಡಿಸಿದ ಸಾವಿರಾರು ಪ್ರಕರಣಗಳಷ್ಟೇ ಆ 701 ಕಡತಗಳಲ್ಲೂ ಇದೆ ಎನ್ನುತ್ತೇನೆ. ಎಷ್ಟೇ ಒತ್ತಡವಿದ್ದರೂ ಅವುಗಳ ಮೇಲೆ ಸುಳ್ಳು ಉತ್ತರ ಅಂಟಿಸಿ ಮುಚ್ಚಲಿಲ್ಲ. ತಿಳಿಯದ್ದನ್ನು ತಿಳಿಯದ್ದೆಂದೇ ಬರೆದಿಟ್ಟು ಮುಂದಿನವರ ಕೈಗೆ ಕೊಟ್ಟರು. ಕಚೇರಿ ಎಡವಿದ್ದು, ಕೇಳಿಸಿಕೊಳ್ಳುವ ಮೊದಲೇ ಸಮಾಧಾನ ಹೇಳಲು ಹೊರಟ ವರ್ಷಗಳಲ್ಲಿ.

ಈ ಸಂಚಿಕೆಯ ಓದುಗರಿಗೆ ನನ್ನದೊಂದು ಕೋರಿಕೆ. ಯಾವತ್ತಾದರೂ ರಾತ್ರಿ ಗುರುತು ಸಿಗದ ಬೆಳಕು ಕಂಡರೆ ಹೆದರಬೇಡಿ, ಕಂಡೆನೆಂದವರನ್ನು ನೋಡಿ ನಗಲೂ ಬೇಡಿ. ಹೊತ್ತು, ದಿಕ್ಕು, ಎತ್ತರ, ಎಷ್ಟು ನಿಮಿಷ ಇತ್ತು ಎಂಬುದನ್ನು ಕೂಡಲೇ ಒಂದು ಪುಸ್ತಕದಲ್ಲಿ ಬರೆದಿಡಿ. ತೋಳು ಚಾಚಿ ಅಳತೆ ನೋಡಿ. ಆಮೇಲೆ ಬಲ್ಲವರನ್ನು ಕೇಳಿ.